ಹದಿನಾರು ಚುಕ್ಕಿ, ಒಂದೇ ಎಳೆ

“ನಾಲ್ಕನೇ ಆಯಾಮ ಅಂದ್ರೆ ಕಾಲ ಅಲ್ವಾ ಮ್ಯಾಮ್?”

ಸೆಕೆಂಡ್ ಪಿಯುಸಿ ತರಗತಿಯಲ್ಲಿ ಕಾಂತಕ್ಷೇತ್ರದಲ್ಲಿ ಚಲಿಸುವ ವಿದ್ಯುದಾವೇಶದ ಪಾಠ ನಡೆದಿತ್ತು. ಮಾತಿನ ಭರದಲ್ಲಿ, ಪ್ಯಾರಿಸ್ಸಿನಲ್ಲಿ ಈ ಚಲನೆಯನ್ನು ನಾಲ್ಕು ಆಯಾಮಗಳಲ್ಲಿ ಮಾಡಿ ನೋಡಿದ್ದಾರೆ ಅಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗ ಹಿಡಿದುಕೊಂಡ. ಸಾಪೇಕ್ಷತಾ ಸಿದ್ಧಾಂತದಲ್ಲಿ ಹೌದು ಕಣಪ್ಪ, ಅಲ್ಲಿ ನಾಲ್ಕನೆಯದು ಕಾಲವೇ. ಇದು ಬೇರೆ. ಉದ್ದ, ಅಗಲ, ಎತ್ತರದ ಹಾಗೆ ಹಿಂದಕ್ಕೂ ಮುಂದಕ್ಕೂ ಹೆಜ್ಜೆ ಇಡಬಹುದಾದ ಇನ್ನೊಂದು ದಿಕ್ಕು. ಕಾಲದಲ್ಲಿ ಹಿಂದಕ್ಕೆ ಹೆಜ್ಜೆ ಇಡಲು ಬರುವುದಿಲ್ಲವಲ್ಲ. “ಹಂಗಾದ್ರೆ ಆ ದಿಕ್ಕು ಎಲ್ಲಿದೆ, ತೋರ್ಸಿ ಮ್ಯಾಮ್” ಅಂದ. ನ್ಯಾಯವಾದ ಪ್ರಶ್ನೆ. ಅಷ್ಟರಲ್ಲಿ ಬೆಲ್ ಆಯಿತು.

ಎರಡು ದಿನ ಆ ಪ್ರಶ್ನೆ ತಲೆಯಲ್ಲೇ ಕೂತಿತ್ತು. ಭಾನುವಾರ ಬೆಳಿಗ್ಗೆ ಅಮ್ಮ ಅಂಗಳ ತೊಳೆದು ರಂಗೋಲಿ ಡಬ್ಬಿ ಹಿಡಿದು ಕೂತಾಗ, ನಾನೂ ಒಂದು ಚಿಟಿಕೆ ಪುಡಿ ತೆಗೆದುಕೊಂಡು ಪಕ್ಕದಲ್ಲೇ ಎಂಟು ಚುಕ್ಕಿ ಇಟ್ಟೆ. ನಾಲ್ಕು ಮುಂದೆ, ನಾಲ್ಕು ಸ್ವಲ್ಪ ಓರೆಯಾಗಿ ಹಿಂದೆ. ಹನ್ನೆರಡು ಗೆರೆ ಎಳೆದು ಸೇರಿಸಿದೆ. “ಪೆಟ್ಟಿಗೆ” ಅಂದಳು ಅಮ್ಮ. ಇದನ್ನ ಕೈ ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಎಳೆಯದೆ, ಒಂದೇ ಎಳೆಯಲ್ಲಿ ಮುಗಿಸೋಕಾಗುತ್ತಾ ಅಂತ ಕೇಳಿದೆ. ಅಮ್ಮ ಪುಡಿ ಮುಟ್ಟಲೂ ಇಲ್ಲ. ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ಆಡಿಸಿ ಹೇಳಿದಳು: “ಬರಲ್ಲ. ಒಂದೊಂದು ಚುಕ್ಕೀಗೂ ಮೂರು ಎಳೆ ಇದೆ. ಒಳಗೆ ಬಂದಿದ್ದು ಹೊರಗೆ ಹೋಗ್ಬೇಕಲ್ವೇನೇ? ಮೂರಿದ್ರೆ ಒಂದು ಒಂಟಿ ಉಳ್ಕೊಳ್ಳುತ್ತೆ.”

18ನೇ ಶತಮಾನದಲ್ಲಿ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಬರಬಹುದೇ ಎಂಬ ಒಗಟಿಗೆ ಗಣಿತಜ್ಞ ಆಯ್ಲರ್ ಕೊಟ್ಟ ಉತ್ತರದ ತಿರುಳೂ ಇದೇ. ಉದ್ದ, ಅಳತೆ, ಕೋನ ಯಾವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳದೆ, ಯಾವುದು ಯಾವುದಕ್ಕೆ ಸೇರಿದೆ ಎನ್ನುವುದೊಂದನ್ನೇ ನೋಡುವ ಗಣಿತ. ಟೊಪಾಲಜಿಯ ಬೇರುಗಳಲ್ಲಿ ಅದೂ ಒಂದು. ನಮ್ಮಮ್ಮ ಆಯ್ಲರನ ಹೆಸರು ಕೇಳಿದವಳಲ್ಲ. ಐವತ್ತು ವರ್ಷದಿಂದ ಎಳೆ ರಂಗೋಲಿ ಹಾಕುತ್ತಿರುವ ಬೆರಳಿಗೆ ಅದು ಗೊತ್ತಿತ್ತು.

ಆಮೇಲೆ ಹದಿನಾರು ಚುಕ್ಕಿ ಇಟ್ಟೆ. ದೊಡ್ಡ ಪೆಟ್ಟಿಗೆಯೊಳಗೆ ಒಂದು ಚಿಕ್ಕ ಪೆಟ್ಟಿಗೆ, ಹೊರಗಿನ ಪ್ರತಿ ಮೂಲೆಯಿಂದ ಒಳಗಿನ ಅದೇ ಮೂಲೆಗೆ ಒಂದು ಗೆರೆ. ಅಮ್ಮ ಎಣಿಸಿದಳು. ಪ್ರತಿ ಚುಕ್ಕಿಗೂ ನಾಲ್ಕು. “ಇದು ಬರುತ್ತೆ” ಅಂದವಳೇ ಪಕ್ಕದ ಜಾಗ ಒರೆಸಿ, ಬರೀ ಚುಕ್ಕಿಗಳನ್ನು ಮತ್ತೆ ಇಟ್ಟು ಶುರು ಮಾಡಿದಳು. ಎರಡು ಸಲ ಎಳೆ ಅರ್ಧದಲ್ಲೇ ಮೊದಲ ಚುಕ್ಕಿಗೆ ಬಂದು ಮುಚ್ಚಿಕೊಂಡಿತು, ಅಂಗೈಯಲ್ಲಿ ಅಳಿಸಿದಳು. ಒಲೆಯ ಮೇಲಿಟ್ಟ ಹಾಲು ನಾನೇ ಹೋಗಿ ಇಳಿಸಬೇಕಾಯಿತು. ಮೂರನೇ ಸಲ 32ನೇ ಗೆರೆ ಹೊರಟ ಚುಕ್ಕಿಗೇ ಬಂದು ಕೂಡಿತು.

ಅದು ನಾಲ್ಕು ಆಯಾಮದ ಘನ. ನಮ್ಮ ಅಂಗಳದ ಸಿಮೆಂಟು ನೆಲದ ಮೇಲೆ, ಎರಡೇ ಆಯಾಮದ ಜಾಗದಲ್ಲಿ, ಅದರ ಎಲ್ಲ ಮೂಲೆಗಳೂ ಎಲ್ಲ ಅಂಚುಗಳೂ ಇದ್ದವು. ಪ್ರತಿ ಚುಕ್ಕಿಯಿಂದಲೂ ನಾಲ್ಕು ಬೇರೆ ಬೇರೆ ದಿಕ್ಕಿಗೆ ಹೆಜ್ಜೆ ಇಡಬಹುದಿತ್ತು. ಅದನ್ನು ನಾಲ್ಕು ಆಯಾಮದ್ದಾಗಿ ಮಾಡಿದ್ದು ಚುಕ್ಕಿಗಳನ್ನು ಸೇರಿಸಿದ ರೀತಿ. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಡುಗನಿಗೆ ಹೇಳಬೇಕಾದ್ದು ಇದೇ ಅನ್ನಿಸಿತು. ದಿಕ್ಕು ಎಲ್ಲೋ ಇರುವ ಜಾಗವಲ್ಲ ಕಣೋ, ಅದು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗಲು ಇರುವ ದಾರಿ. ದಾರಿ ಹಾಕಿಕೊಟ್ಟರೆ ದಿಕ್ಕು ಹುಟ್ಟುತ್ತದೆ.

ಪ್ಯಾರಿಸ್ಸಿನವರು ಮಾಡಿದ್ದೂ ಒಂದು ಬಗೆಯ ಚುಕ್ಕಿ ರಂಗೋಲಿಯೇ. ಅವರ ಚುಕ್ಕಿಗಳು ಪರಮಾಣುವಿನ ಒಳಗಿವೆ.

ತಣ್ಣಗಿನ ಪರಮಾಣುಗಳ ಕತೆ ಗೊತ್ತಿರುವವರಿಗೆ ಇದನ್ನು ಉದ್ದ ಮಾಡಬೇಕಿಲ್ಲ. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನ್‌ಗೆ ಕಳಿಸಿದ ಲೇಖನದಿಂದ ಹೊರಟ, ತೀರಾ ತಣಿದ ಪರಮಾಣುಗಳು ಒಂದೇ ಅಲೆಯ ಹಾಗೆ ನಡೆದುಕೊಳ್ಳುತ್ತವೆ ಎಂಬ ಯೋಚನೆ, 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಕಣ್ಣಿಗೆ ಕಂಡಿತು. ರುಬಿಡಿಯಂ ಪರಮಾಣುಗಳನ್ನು ಲೇಸರ್‌ನಿಂದ ತಡೆದು, ಬಿಸಿಯಾದವನ್ನು ಹಾರಿಹೋಗಲು ಬಿಟ್ಟು, ಉಳಿದವನ್ನು ಒಂದು ಕೆಲ್ವಿನ್ನಿನ ಕೋಟಿಯ ಒಂದೆರಡು ಪಾಲಿನಷ್ಟಕ್ಕೆ ತಣಿಸಿದರು. ಅಷ್ಟು ತಣ್ಣಗಾದಾಗ ಪರಮಾಣುಗಳ ಗೊಂದಲದ ಓಡಾಟ ನಿಂತು, ಅವುಗಳ ಅಲೆಯ ಗುಣ ಎದ್ದು ಕಾಣುತ್ತದೆ. ಎದುರುಬದುರು ಲೇಸರ್ ಹಾಯಿಸಿದರೆ ಬೆಳಕಿನದೇ ಏರುತಗ್ಗು ಏರ್ಪಡುತ್ತದೆ. ತಗ್ಗುಗಳಲ್ಲಿ ಪರಮಾಣುಗಳು ಕೂರುತ್ತವೆ, ಸಾಲಾಗಿ ಚುಕ್ಕಿ ಇಟ್ಟ ಹಾಗೆ. ಒಂದು ತಗ್ಗಿನಿಂದ ಪಕ್ಕದ ತಗ್ಗಿಗೆ ಜಿಗಿಯುತ್ತವೆ. ಲೋಹದಲ್ಲಿ ಎಲೆಕ್ಟ್ರಾನ್ ಓಡಾಡುವುದನ್ನು ಹೀಗೆ ಸಾವಿರಾರು ಪಟ್ಟು ದೊಡ್ಡದಾಗಿ, ನಿಧಾನವಾಗಿ, ಕ್ಯಾಮೆರಾಗೆ ಸಿಗುವಂತೆ ಮತ್ತೆ ಕಟ್ಟಬಹುದು.

ಹೀಗೆ ಕಟ್ಟುವ ಚುಕ್ಕಿಸಾಲುಗಳಿಗೆ ಮೂರು ದಿಕ್ಕು ಮಾತ್ರ ಉಂಟು. ನಾಲ್ಕನೆಯದಕ್ಕೆ 2012ರಲ್ಲಿ ಬೊವಾಡ, ಚೆಲಿ, ಲಟೋರ್ರೆ, ಲೆವೆನ್‌ಸ್ಟೈನ್ ಎಂಬ ನಾಲ್ವರು ಸರಳವಾದ ಉಪಾಯ ಹೇಳಿದರು. ಪರಮಾಣುವಿಗೆ ಸ್ಪಿನ್ ಇದೆ, ಪುಟ್ಟ ಕಾಂತಸೂಜಿಯಂಥ ಒಂದು ಒಳಗುಣ. ಅದು ಮೆಟ್ಟಿಲುಗಳ ಹಾಗೆ ಬಿಡಿಬಿಡಿ ಸ್ಥಿತಿಗಳಲ್ಲಿರುತ್ತದೆ. ಆ ಒಂದೊಂದು ಸ್ಥಿತಿಯನ್ನೂ ಒಂದು ಚುಕ್ಕಿ ಅಂದುಕೊಳ್ಳಿ. ಲೇಸರ್‌ನಿಂದ ಪರಮಾಣುವನ್ನು ಒಂದು ಸ್ಥಿತಿಯಿಂದ ಪಕ್ಕದ ಸ್ಥಿತಿಗೆ ಹಿಂದಕ್ಕೂ ಮುಂದಕ್ಕೂ ದಾಟಿಸಿ. ಪರಮಾಣು ಕೂತಲ್ಲೇ ಕೂತಿದ್ದರೂ ಸಮೀಕರಣದ ಪ್ರಕಾರ ಅದು ಒಂದು ಹೊಸ ದಿಕ್ಕಿನಲ್ಲಿ ನಡೆಯುತ್ತಿದೆ. 2015ರಲ್ಲಿ ಎರಡು ತಂಡಗಳು ಇದನ್ನು ಮಾಡಿ ತೋರಿಸಿದವು. ಇಟಲಿಯ ಫ್ಲಾರೆನ್ಸ್‌ನವರು ಇಟರ್ಬಿಯಂ ಬಳಸಿದರು, ಅಮೆರಿಕದ ನಿಸ್ಟ್ ಪ್ರಯೋಗಾಲಯದವರು ರುಬಿಡಿಯಂ. ಮೂರೇ ಚುಕ್ಕಿ ಅಗಲದ ಪಟ್ಟಿ ಅದು: ಈ ಕಡೆ ಒಂದು ಅಂಚು, ಆ ಕಡೆ ಒಂದು ಅಂಚು, ನಡುವೆ ಒಂದು. ಆದರೂ ಅಂಚಿನ ಪರಮಾಣುಗಳು ಒಂದು ಕಡೆ ಎಡಕ್ಕೂ ಇನ್ನೊಂದು ಕಡೆ ಬಲಕ್ಕೂ ಓಡುವುದು ಸ್ಪಷ್ಟವಾಗಿ ಕಂಡಿತು.

ಇಲ್ಲಿ ಬೆಂಗಳೂರಿನವಳಾಗಿ ನನಗೆ ಹೇಳದೆ ಇರಲಾಗದ ಒಂದು ಮಾತಿದೆ. ಸ್ಪಿನ್ ಮೆಟ್ಟಿಲು ದಾಟಿಸಲು ಎರಡು ಲೇಸರ್ ಬೇಕು. ಪರಮಾಣು ಒಂದರಿಂದ ಬೆಳಕಿನ ಒಂದು ಕಣ ನುಂಗಿ, ಇನ್ನೊಂದರ ಬಣ್ಣಕ್ಕೆ ಅದನ್ನು ಉಗುಳುತ್ತದೆ. ಎರಡರ ನಡುವಿನ ವ್ಯತ್ಯಾಸ ಮೆಟ್ಟಿಲಿನ ಎತ್ತರಕ್ಕೆ ಸರಿಹೊಂದುತ್ತದೆ. ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲೂ ಇದಕ್ಕೆ ರಾಮನ್ ಜಿಗಿತ ಎಂದೇ ಹೆಸರು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಆ ಬಣ್ಣ ಬದಲಾವಣೆಯನ್ನೇ ಈಗ ದಿಕ್ಕು ಹುಟ್ಟಿಸಲು ಬಳಸುತ್ತಿದ್ದಾರೆ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು, 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಮೇಖ್ರಿ ಸರ್ಕಲ್ ದಾಟಿ ಸದಾಶಿವನಗರದ ಕಡೆ ತಿರುಗಿದರೆ ಅದರ ಮರಗಳು ಕಾಣುತ್ತವೆ.

ಆ ಮರಗಳ ಕೆಳಗಿಂದಲೇ ಹೊರಟ ಇನ್ನೊಂದು ಎಳೆ ಇದೆ, ನನಗೆ ಅದು ಇನ್ನೂ ಮುಖ್ಯ. 1956ರಲ್ಲಿ ಎಸ್. ಪಂಚರತ್ನಂ ಎಂಬ 22 ವರ್ಷದ ಹುಡುಗ, ರಾಮನ್ ಅವರ ಸೋದರಳಿಯ, ಅಲ್ಲಿ ಹರಳುಗಳ ಮೂಲಕ ಬೆಳಕು ಹಾಯಿಸಿ ಅಭ್ಯಾಸ ಮಾಡುತ್ತಿದ್ದ. ಬೆಳಕಿನ ಧ್ರುವೀಕರಣವನ್ನು, ಅಂದರೆ ಅದರ ಅಲೆ ತೂಗುವ ಬಗೆಯನ್ನು, ಒಂದು ಸ್ಥಿತಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಮತ್ತೆ ಮೊದಲಿನದಕ್ಕೆ ತಂದರೆ ಧ್ರುವೀಕರಣವೇನೋ ಮೊದಲಿದ್ದಂತೆಯೇ ಇರುತ್ತದೆ. ಅಲೆಯ ಏರಿಳಿತ ಮಾತ್ರ ಸ್ವಲ್ಪ ಜರುಗಿರುತ್ತದೆ. ಎಷ್ಟು ಜರುಗಿದೆ ಎನ್ನುವುದು, ಸ್ಥಿತಿಗಳನ್ನು ಒಂದು ಗೋಲದ ಮೇಲೆ ಗುರುತಿಸಿದರೆ, ಆ ದಾರಿ ಸುತ್ತುವರಿದ ಜಾಗದ ಮೇಲೆ ನಿಂತಿದೆ. ಹೊರಟಲ್ಲಿಗೇ ಬಂದರೂ ಸುತ್ತಿಬಂದ ಗುರುತು ಉಳಿದಿದೆ. 1984ರಲ್ಲಿ ಇಂಗ್ಲೆಂಡಿನ ಮೈಕಲ್ ಬೆರಿ ಇದೇ ಸಂಗತಿಯನ್ನು ಎಲ್ಲ ಕ್ವಾಂಟಂ ವ್ಯವಸ್ಥೆಗಳಿಗೂ ಅನ್ವಯವಾಗುವಂತೆ ಬರೆದರು. ಪಂಚರತ್ನಂ ಇದನ್ನು ಮೊದಲೇ ಕಂಡಿದ್ದರೆಂದು ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ 1986ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ಪಂಚರತ್ನಂ ಇರಲಿಲ್ಲ. 1969ರಲ್ಲಿ, 35ನೇ ವಯಸ್ಸಿಗೇ, ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಿದ್ದರು. ಈ ಸಾಲು ಬರೆಯುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತಣ್ಣನೆಯ ಪರಮಾಣುಗಳ ಇಡೀ ಆಟ ಆ ಉಳಿದ ಗುರುತಿನ ಮೇಲೇ ನಿಂತಿದೆ. ಪರಮಾಣುವಿಗೆ ವಿದ್ಯುದಾವೇಶ ಇಲ್ಲ. ಕಾಂತಕ್ಷೇತ್ರ ಅದನ್ನು ಎಲೆಕ್ಟ್ರಾನಿನ ಹಾಗೆ ಬಾಗಿಸಿ ಸುತ್ತಿಸುವುದಿಲ್ಲ. ಆದರೆ ರಾಮನ್ ಜಿಗಿತದಲ್ಲಿ ಲೇಸರ್ ಅಲೆಯ ಜರುಗು ಪರಮಾಣುವಿಗೆ ಅಂಟುತ್ತದೆ, ಮತ್ತು ಅದು ಎಲ್ಲಿ ಕೂತು ಜಿಗಿಯಿತು ಎನ್ನುವುದರ ಮೇಲೆ ಬದಲಾಗುತ್ತದೆ. ಹಾಗಾಗಿ ನೆಲದ ಮೇಲೆ ಒಂದು ಹೆಜ್ಜೆ, ಸ್ಪಿನ್‌ನಲ್ಲಿ ಒಂದು ಮೆಟ್ಟಿಲು, ನೆಲದ ಮೇಲೆ ಹೆಜ್ಜೆ ಹಿಂದಕ್ಕೆ, ಸ್ಪಿನ್‌ನಲ್ಲಿ ಮೆಟ್ಟಿಲು ಹಿಂದಕ್ಕೆ, ಹೀಗೆ ಒಂದು ಚೌಕ ಸುತ್ತಿ ಬಂದರೆ ಹೋಗುವಾಗ ಅಂಟಿದ್ದು ಬರುವಾಗ ಪೂರ್ತಿ ಕಳೆಯುವುದಿಲ್ಲ. ಎಲೆಕ್ಟ್ರಾನ್ ಕಾಂತಕ್ಷೇತ್ರದಲ್ಲಿ ಒಂದು ಸುತ್ತು ಬಂದಾಗ ಉಳಿಯುವುದೂ ಇದೇ ಬಗೆಯದು. ಹರಳೊಂದರಲ್ಲಿ ಪರಮಾಣುಗಳ ನಡುವಿನ ಒಂದೊಂದು ಚೌಕದಲ್ಲೂ ಇಷ್ಟೇ ಜರುಗು ತರಲು ಹತ್ತಾರು ಸಾವಿರ ಟೆಸ್ಲಾ ಕಾಂತಕ್ಷೇತ್ರ ಬೇಕಾಗುತ್ತದೆ. ಅಂಥ ಕಾಂತ ಯಾರ ಹತ್ತಿರವೂ ಇಲ್ಲ. ಇಲ್ಲಿ ಅದು ಎರಡು ಲೇಸರ್‌ಗಳಲ್ಲಿ ಆಗುತ್ತದೆ.

ಇಷ್ಟೆಲ್ಲ ಏಕೆ ಬೇಕು ಎನ್ನುವುದಕ್ಕೆ ಹಾಲ್ ಪರಿಣಾಮಕ್ಕೆ, ಅಂದರೆ ಹರಿಯುವ ವಿದ್ಯುತ್ತನ್ನು ಕಾಂತಕ್ಷೇತ್ರ ಅಡ್ಡಕ್ಕೆ ತಳ್ಳುವ ಸಂಗತಿಗೆ ಬರಬೇಕು. 1980ರ ಫೆಬ್ರವರಿಯ ಒಂದು ರಾತ್ರಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ತೆಳುವಾದ ಎಲೆಕ್ಟ್ರಾನ್ ಪದರವನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಳೆಯುತ್ತಿದ್ದರು. ಅಡ್ಡಡ್ಡ ರೋಧ ಮೆಟ್ಟಿಲು ಮೆಟ್ಟಿಲಾಗಿ ನಿಂತಿತು: 25,812.807 ಓಮ್, ಅದರ ಅರ್ಧ, ಅದರ ಮೂರನೇ ಒಂದು. ಮಾದರಿಯಲ್ಲಿ ಕೊಳೆ ಇದ್ದರೂ ಅಂಚು ಒರಟಾಗಿದ್ದರೂ ಅಂಕಿ ಕದಲಲಿಲ್ಲ. ಏಕೆಂದರೆ ಆ ಮೆಟ್ಟಿಲುಗಳು ಒಂದು ಪೂರ್ಣಾಂಕದ ಎಣಿಕೆ. ಎಲೆಕ್ಟ್ರಾನಿನ ಎಲ್ಲ ಸ್ಥಿತಿಗಳನ್ನೂ ಪುಟ್ಟಪುಟ್ಟ ಚೌಕಗಳಾಗಿ ಹಂಚಿ, ಪ್ರತಿ ಚೌಕ ಸುತ್ತಿದಾಗ ಉಳಿಯುವ ಜರುಗನ್ನೆಲ್ಲ ಕೂಡಿಸಿದರೆ ಮೊತ್ತ ಯಾವಾಗಲೂ ಪೂರ್ತಿ ಸುತ್ತುಗಳ ಲೆಕ್ಕಕ್ಕೆ ಬರುತ್ತದೆ. ಒಂದು, ಎರಡು, ಮೂರು ಹೀಗೆ. ಒಂದೂಕಾಲು ಬರುವುದಿಲ್ಲ. 1982ರಲ್ಲಿ ಭೌತವಿಜ್ಞಾನಿ ಡೇವಿಡ್ ಥೌಲೆಸ್ ಮತ್ತು ಸಂಗಡಿಗರು ಇದನ್ನು ಕಂಡರು. ಗಣಿತದವರು ಅದನ್ನು ಚೆರ್ನ್ ಸಂಖ್ಯೆ ಎನ್ನುತ್ತಾರೆ.

ಇದು ಎರಡು ಆಯಾಮದ ಕತೆ. ನಾಲ್ಕು ಆಯಾಮಕ್ಕೆ ಹೋದರೆ ಎರಡನೇ ಚೆರ್ನ್ ಸಂಖ್ಯೆ ಎಂಬ ಬೇರೆಯದೇ ಒಂದು ಪೂರ್ಣಾಂಕ ಸಿಗುತ್ತದೆ, ಮೂರರಲ್ಲಿ ಅದಕ್ಕೆ ಜಾಗವೇ ಇಲ್ಲ. ಕಾರಣ ನೀವು ಕೂತ ಕೋಣೆಯಲ್ಲೇ ಕಾಣುತ್ತದೆ. ಗೋಡೆ ಮತ್ತು ನೆಲ ಕೂಡುವ ಕಡೆ ನೋಡಿ, ಒಂದು ಗೆರೆ ಇದೆ. ಮೂರು ಆಯಾಮದಲ್ಲಿ ಒಂದನ್ನೊಂದು ಹಾಯುವ ಎರಡು ಸಮತಲಗಳು ಗೆರೆಯೊಂದನ್ನು ಹಂಚಿಕೊಳ್ಳಲೇಬೇಕು. ಹಾಗಾಗಿ ನೆಲದ ಮೇಲಿನ ಸುತ್ತು ಮತ್ತು ಗೋಡೆಯ ಮೇಲಿನ ಸುತ್ತು ಎಂದೂ ಪೂರ್ತಿ ಸ್ವತಂತ್ರವಲ್ಲ. ನಾಲ್ಕು ಆಯಾಮದಲ್ಲಿ ಎರಡು ಸಮತಲಗಳು ಒಂದೇ ಒಂದು ಬಿಂದುವಿನಲ್ಲಿ ಮುಟ್ಟಿ ಬೇರೆಯಾಗಬಹುದು. ಒಂದರಲ್ಲಿ ಒಂದು ವೇಗದಲ್ಲಿ ಸುತ್ತುತ್ತಲೇ ಇನ್ನೊಂದರಲ್ಲಿ ಬೇರೆ ವೇಗದಲ್ಲಿ ಸುತ್ತಬಹುದು, ಒಂದಕ್ಕೊಂದು ಅಡ್ಡಿಯಿಲ್ಲದೆ. ಈ ಎರಡು ಸುತ್ತುಗಳ ಜೋಡಿಯನ್ನು ಎಣಿಸುವುದೇ ಎರಡನೇ ಚೆರ್ನ್ ಸಂಖ್ಯೆ. ಅಳತೆಯಲ್ಲಿ ಅದು ಹೀಗೆ ಕಾಣಿಸಿಕೊಳ್ಳಬೇಕು: ಒಂದು ವಿದ್ಯುತ್ ಕ್ಷೇತ್ರ ಮತ್ತು ಒಂದು ಕಾಂತಕ್ಷೇತ್ರ ಎರಡನ್ನೂ ಒಟ್ಟಿಗೆ ಕೊಟ್ಟಾಗ, ಎರಡರ ಗುಣಲಬ್ಧಕ್ಕೆ ತಕ್ಕಂತೆ ಇನ್ನೊಂದು ದಿಕ್ಕಿಗೆ ಹರಿವು. ಯಾವುದಾದರೂ ಒಂದನ್ನು ತೆಗೆದರೆ ಆ ಹರಿವು ಇಲ್ಲ. 2001ರಲ್ಲಿ ಶೌಚೆಂಗ್ ಝಾಂಗ್ ಮತ್ತು ಜಿಯಾಂಗ್‌ಪಿಂಗ್ ಹು ಇಂಥ ನಾಲ್ಕು ಆಯಾಮದ ಹಾಲ್ ದ್ರವವನ್ನು ಕಾಗದದ ಮೇಲೆ ಕಟ್ಟಿದ್ದರು. ಅದು ಬರೀ ಕಾಗದದ ಕುತೂಹಲವಾಗಿ ಉಳಿಯಲಿಲ್ಲ. ಕೆಲವು ವರ್ಷಗಳ ಮೇಲೆ, ಒಳಗೆ ವಿದ್ಯುತ್ತನ್ನು ತಡೆದು ಮೇಲ್ಮೈಯಲ್ಲಿ ಮಾತ್ರ ಹರಿಯಬಿಡುವ, ಮೂರು ಆಯಾಮದ ಟೊಪಾಲಜಿಕಲ್ ಇನ್ಸುಲೇಟರ್ ಎಂಬ ನಿಜವಾದ ವಸ್ತುಗಳನ್ನು ಆ ನಾಲ್ಕು ಆಯಾಮದ ಲೆಕ್ಕದಿಂದ ಒಂದು ಮೆಟ್ಟಿಲು ಇಳಿಸಿ ಅರ್ಥಮಾಡಿಕೊಳ್ಳಬಹುದೆಂದು ಕಂಡಿತು.

ಪರಮಾಣುಗಳ ಹಾದಿಯಲ್ಲಿ ಮೊದಲ ದೊಡ್ಡ ಹೆಜ್ಜೆಗಳಲ್ಲೊಂದು ಮ್ಯೂನಿಕ್‌ನದು. ಇಮ್ಯಾನುಯೆಲ್ ಬ್ಲಾಕ್ ಅವರ ತಂಡ 2018ರಲ್ಲಿ ಎರಡು ಆಯಾಮದ ಬೆಳಕಿನ ಜಾಲರಿಯಲ್ಲಿ ರುಬಿಡಿಯಂ ಇಟ್ಟು, ಜಾಲರಿಯ ಏರುತಗ್ಗನ್ನೇ ನಿಧಾನವಾಗಿ ಸರಿಸುತ್ತಾ ಹೋಯಿತು. ಹಳೆಯ ಕಪಿಲೆ ಬಾವಿ ನೋಡಿದವರಿಗೆ ಇದು ಸುಲಭ. ಎತ್ತು ಇಳಿಜಾರಿನಲ್ಲಿ ಹೋಗಿ ಹಿಮ್ಮೆಟ್ಟಿ ಮೊದಲಿನ ಜಾಗಕ್ಕೇ ಬರುತ್ತದೆ, ಅಷ್ಟರಲ್ಲಿ ಒಂದು ತೊಗಲಿನ ಚೀಲ ನೀರು ಮೇಲೆ ಬಂದಿರುತ್ತದೆ. ಎತ್ತು ಬೇಗ ಹೋಗಲಿ, ಮೆಲ್ಲಗೆ ಹೋಗಲಿ, ಸುತ್ತಿಗೆ ಒಂದೇ ಚೀಲ. ಥೌಲೆಸ್ 1983ರಲ್ಲಿ ಹೇಳಿದ ಪಂಪ್ ಕೂಡ ಹಾಗೆಯೇ. ನಿಧಾನವಾಗಿ ಒಂದು ಸುತ್ತು ಮುಗಿಸಿದರೆ ಪರಮಾಣುಗಳು ಎಣಿಸಿದಷ್ಟೇ ಮನೆ ಮುಂದಕ್ಕೆ ಹೋಗಿರುತ್ತವೆ. ಮ್ಯೂನಿಕ್‌ನವರು ಒಂದು ದಿಕ್ಕಿನ ಪಂಪನ್ನು ತುಸು ಓರೆಯಾಗಿಟ್ಟಾಗ, ಪರಮಾಣುಗಳು ಅದಕ್ಕೆ ಅಡ್ಡ ದಿಕ್ಕಿಗೂ ಸ್ವಲ್ಪ ಸ್ವಲ್ಪವೇ ಸರಿದವು. ಆ ಸಣ್ಣ ಸರಿತದಲ್ಲಿ ಎರಡನೇ ಚೆರ್ನ್ ಸಂಖ್ಯೆ ಇತ್ತು. ಇದು ಅಚ್ಚಾದ ನೇಚರ್ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಇನ್ನೊಂದು ತಂಡ ಗಾಜಿನೊಳಗೆ ಕೊರೆದ ಬೆಳಕಿನ ಕಾಲುವೆಗಳಲ್ಲಿ ಇದರ ಅಂಚಿನ ಗುಣಗಳನ್ನು ತೋರಿಸಿತು.

ಇಷ್ಟಾದರೂ ನನಗೆ ಅದು ನಾಲ್ಕು ಆಯಾಮದ ನೆರಳು ಅನ್ನಿಸಿತ್ತು. ಎರಡು ದಿಕ್ಕುಗಳನ್ನು ಹೊರಗಿನಿಂದ ಕೈಯಲ್ಲಿ ತಿರುಗಿಸಿದ್ದರು, ಪರಮಾಣು ತಾನೇ ಅಲ್ಲಿ ನಡೆದಿರಲಿಲ್ಲ. ಆ ಕೊರತೆ ತುಂಬಿದ್ದು ಪ್ಯಾರಿಸ್ಸಿನ ಕೊಲೆಜ್ ದ ಫ್ರಾನ್ಸ್‌ನ ತಂಡ, ಡಿಸ್‌ಪ್ರೋಸಿಯಂ ಎಂಬ ಧಾತುವಿನಿಂದ. 1886ರಲ್ಲಿ ಆ ಧಾತುವನ್ನು ಗುರುತಿಸಿದ್ದೂ ಫ್ರಾನ್ಸಿನವರೇ. ಬೇರ್ಪಡಿಸಲು ಅಷ್ಟು ಕಾಡಿದ್ದರಿಂದ ಗ್ರೀಕ್‌ನಲ್ಲಿ ‘ಕೈಗೆ ಸಿಗದ್ದು’ ಎಂಬರ್ಥದ ಹೆಸರಿಟ್ಟರು. ಅದರ ಪರಮಾಣುವಿನ ಸ್ಪಿನ್ 8. ಅಂದರೆ −8ರಿಂದ +8ರವರೆಗೆ 17 ಮೆಟ್ಟಿಲು. ಒಂದೇ ಸಾಲಿನಲ್ಲಿ ಹದಿನೇಳು ಚುಕ್ಕಿ! 2020ರಲ್ಲಿ ಅವರು ಒಂದು ನಿಜವಾದ ದಿಕ್ಕಿಗೆ ಈ ಸಾಲನ್ನು ಜೋಡಿಸಿ ಎರಡು ಆಯಾಮದ ಹಾಲ್ ಪಟ್ಟಿ ಮಾಡಿದರು. 2022ರಲ್ಲಿ ಅದೇ ಸಾಲಿನಲ್ಲಿ ಒಂದು ಮೆಟ್ಟಿಲು ಹತ್ತುವ ಜಿಗಿತ, ಎರಡು ಮೆಟ್ಟಿಲು ಇಳಿಯುವ ಜಿಗಿತ ಎರಡನ್ನೂ ಹಾಕಿದರು. ಎರಡು ಸಲ ಒಂದೊಂದು ಹತ್ತಿ, ಒಂದು ಸಲ ಎರಡು ಇಳಿದರೆ ಹೊರಟಲ್ಲಿಗೇ ಬಂದಿರಿ. ನೇರ ಸಾಲಿನೊಳಗೆ ಹೀಗೆ ಮೂರು ಮನೆಯ ಬಳೆ ಹುಟ್ಟಿತು. ಅಮ್ಮ ಇದನ್ನು ನೋಡಿದ್ದರೆ ಒಂದು ಚುಕ್ಕಿ ಬಿಟ್ಟು ಒಂದು ಚುಕ್ಕಿಗೆ ಎಳೆ ಹಾಕಿದ್ದಾರೆ ಅನ್ನುತ್ತಿದ್ದಳು.

2024ರಲ್ಲಿ ಎರಡು ನಿಜವಾದ ದಿಕ್ಕು, ಸ್ಪಿನ್‌ನೊಳಗೆ ಎರಡು ದಿಕ್ಕು (ಆ ನೇರ ಸಾಲು ಒಂದು, ಬಳೆ ಒಂದು), ಒಟ್ಟು ನಾಲ್ಕು. ಸ್ಪಿನ್ ದಿಕ್ಕಿನಲ್ಲಿ ಪರಮಾಣು ಎಲ್ಲಿದೆ ಎಂದು ನೋಡುವ ಬಗೆ ನನಗೆ ಬಹಳ ಹಿಡಿಸಿದ್ದು. ಬೆಳಕನ್ನೆಲ್ಲ ಆರಿಸಿ, ಪರಮಾಣುಗಳ ಮೋಡವನ್ನು ಬೀಳಲು ಬಿಟ್ಟು, ಒಂದು ಕಡೆ ಬಲವಾಗಿ ಇನ್ನೊಂದು ಕಡೆ ಸಡಿಲವಾಗಿ ಇರುವ ಕಾಂತಕ್ಷೇತ್ರ ಹಾಯಿಸುತ್ತಾರೆ. ಒಂದೊಂದು ಮೆಟ್ಟಿಲಿನವು ಒಂದೊಂದು ಕಡೆಗೆ ಎಳೆಯಲ್ಪಟ್ಟು ಬೇರೆಯಾಗುತ್ತವೆ. ಒಂದೇ ಮೋಡ ಇದ್ದದ್ದು ಸಾಲಾಗಿ ನಿಂತ ಪುಟ್ಟ ಮೋಡಗಳಾಗಿ ಕ್ಯಾಮೆರಾದಲ್ಲಿ ಬರುತ್ತದೆ. ಕಣ್ಣಿಗೆ ಕಾಣದ ದಿಕ್ಕಿನ ಸ್ಥಾನವನ್ನು ಕ್ಷಣಮಾತ್ರದಲ್ಲಿ ಕಾಣುವ ದಿಕ್ಕಿನಲ್ಲಿ ಹರಡಿಟ್ಟ ಹಾಗೆ. ಹೀಗೆ ಅವರು ಆ ಗುಣಲಬ್ಧದ ಹರಿವನ್ನು ಅಳೆದರು, ಅದು ಸಿದ್ಧಾಂತದ ಪೂರ್ಣಾಂಕಕ್ಕೆ ಹೊಂದುವಂತಿತ್ತು. ಪರಮಾಣುಗಳನ್ನು ತಟ್ಟಿ ನೋಡಿದಾಗ ಅವು ಯಾವುದೇ ಒಂದು ಸಮತಲದಲ್ಲಿ ಹಿಡಿಸದ ಸುತ್ತು ಸುತ್ತಿದವು. ಆ ಎರಡು ಸ್ವತಂತ್ರ ಸುತ್ತುಗಳು, ಯಾವ ಕೋಣೆಯಲ್ಲೂ ಬಿಡಿಸಲಾಗದ್ದು. ಅಂಚಿನಲ್ಲಿದ್ದವು ಒಂದು ದಿಕ್ಕಿಗೆ ಒಮ್ಮುಖವಾಗಿ ಓಡಿದವು, ಉಳಿದ ದಿಕ್ಕುಗಳಲ್ಲಿ ಓಟ ಕಟ್ಟುಬಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಸ್ಪಿನ್‌ನ ಈ ತುದಿಯ ಪರಮಾಣು, ಆ ತುದಿಯ ಪರಮಾಣು ನಾಲ್ಕನೇ ದಿಕ್ಕಿನಲ್ಲಿ ಎಷ್ಟೇ ದೂರವಿದ್ದರೂ ನಮ್ಮ ಜಗತ್ತಿನಲ್ಲಿ ಒಂದೇ ಜಾಗದಲ್ಲಿರಬಹುದು. ಆಗ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಿಜವಾದ ದೂರದಲ್ಲಿದ್ದವು ಹಾಗೆ ಹೊಡೆಯುವುದಿಲ್ಲ. ಒಂಟಿ ಪರಮಾಣುವಿನ ನಡಿಗೆಗೆ ಈ ನಾಲ್ಕು ಆಯಾಮ ಪೂರ್ತಿ ಸಾಚಾ. ಗುಂಪಿನ ನಡವಳಿಕೆಗೆ ಅದೊಂದು ವಿಚಿತ್ರ ಊರು, ಒಂದು ಬೀದಿಯ ಎಲ್ಲ ಮನೆಯವರಿಗೂ ಒಂದೇ ಜಗಲಿ ಇದ್ದ ಹಾಗೆ. ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ತಳ್ಳಾಡುವಾಗ ನಾಲ್ಕು ಆಯಾಮದಲ್ಲಿ ಯಾವ ಬಗೆಯ ದ್ರವ ಹುಟ್ಟುತ್ತದೆ ಎನ್ನುವುದನ್ನು ಇನ್ನು ನೋಡಬೇಕಿದೆ, ಆ ತಂಡವೂ ಮುಂದಿನ ಗುರಿ ಅದೇ ಎಂದಿದೆ. ನನ್ನ ಕಾತರವೂ ಅದರ ಮೇಲೇ.

ಸೋಮವಾರ ಬೋರ್ಡಿನ ಮೇಲೆ ಹದಿನಾರು ಚುಕ್ಕಿ ಇಟ್ಟೆ. ಅಮ್ಮನ ಎಳೆಯನ್ನು ಫೋನಿನ ಫೋಟೊ ನೋಡಿ ನೋಡಿ ಎಳೆದೆ. ಹುಡುಗ ಏನೂ ಹೇಳಲಿಲ್ಲ. ಗುರುವಾರ ಸ್ಟಾಫ್ ರೂಮಿಗೆ ರಫ್ ನೋಟ್ ಹಿಡಿದು ಬಂದ. 32 ಚುಕ್ಕಿ, 80 ಗೆರೆ, ಐದು ಆಯಾಮ. ಪುಟ ತುಂಬ ರಬ್ಬರ್ ಉಜ್ಜಿದ ಕಲೆ. “ಒಂದೇ ಎಳೇಲಿ ಬರಲ್ಲ ಮ್ಯಾಮ್, ಐದು ಬೆಸ. ಆರಕ್ಕೆ ಬರುತ್ತೆ.” ಚೆರ್ನ್ ಸಂಖ್ಯೆಗಳೂ ಸಮ ಆಯಾಮಗಳಲ್ಲೇ ಇರುವುದು, ಕಾರಣ ಬೇರೆ, ಅಂದೆ. ಎರಡರಲ್ಲಿ ಮೊದಲನೆಯದು, ನಾಲ್ಕರಲ್ಲಿ ಎರಡನೆಯದು, ಆರರಲ್ಲಿ ಮೂರನೆಯದು. ಆರು ಆಯಾಮದ ಹಾಲ್ ಪರಿಣಾಮವನ್ನೂ 2018ರಲ್ಲೇ ಲೆಕ್ಕ ಹಾಕಿ ಬರೆದಿದ್ದಾರೆ, ಮೂರು ಆಯಾಮದ ಪಂಪ್‌ನಲ್ಲಿ ಅದನ್ನು ನೋಡಬಹುದಂತೆ ಎಂದೆ. ನೋಟ್ಸು ಬಿಟ್ಟುಹೋದ.

ಸಂಜೆ ಅಮ್ಮನಿಗೆ ತೋರಿಸಿದೆ. ಆರಕ್ಕೆ ಎಷ್ಟು ಚುಕ್ಕಿ ಅಂತ ಕೇಳಿದಳು. 64 ಅಂದೆ, ಗೆರೆ 192. ಅಂಗಳದ ಉದ್ದ ಒಂದು ಸಲ ನೋಡಿ, ಸ್ಕೂಟರ್ ಆಚೆ ನಿಲ್ಲಿಸು ಅಂದಳು.